ಮೂರನೇ ನುಡಿಯಾದ ಮೇಲೆ

ನಾನು ಖೈರು. ಬುಶೆಹರಿನ ಹಳೇ ಬಂದರಿನ ಹಿಂದೆ
ಟೇಪು ನಕಲು ಮಾಡುತ್ತಿದ್ದವನು.
ಖೊಜಸ್ತೆಯ ಬಗ್ಗೆ ಕೇಳಿದಿರಲ್ಲ,
ಅವಳನ್ನು ಕಂಡದ್ದು ಒಂದೇ ಸಲ.
ಅವಳ ಕೊರಳನ್ನು ಮಾತ್ರ
ಎಷ್ಟು ಸಾವಿರ ಸಲ ಸುತ್ತಿ ಬಿಚ್ಚಿದ್ದೇನೋ, ಲೆಕ್ಕವಿಲ್ಲ.

ದೆಹ್‌ದಶ್ತಿ ಓಣಿಯ ಹುಡುಗಿ.
ಅಪ್ಪ ನೇಯ್‌ಅಂಬಾನ್ ಊದುವವನು,
ಆಡಿನ ತೊಗಲಿನ ಚೀಲ ಕಂಕುಳಲ್ಲಿಟ್ಟು
ಮದುವೆಮನೆಯಿಂದ ಮದುವೆಮನೆಗೆ.
ಹಾಡು ಬಂದದ್ದು ಅಜ್ಜಿಯಿಂದ,
ಕಡಲಿಗಿಳಿದು ಬಾರದವರ ಹೆಸರಲ್ಲಿ
ಬೀಸುಕಲ್ಲಿನ ಮುಂದೆ ಎಳೆಯುತ್ತಿದ್ದ ಶರ್ವೆ.
ತಾಳವಿಲ್ಲ. ಉಸಿರು ಕಡಿದಲ್ಲೇ ಸಾಲಿನ ಕೊನೆ:
'ಮುತ್ತು ತರುವೆನೆಂದು ಮುಳುಗಿದವನೇ,
ಉಪ್ಪನ್ನಾದರೂ ತಂದುಕೊಡು.'

ಹದಿನೇಳಕ್ಕೆ ತೆಹ್ರಾನ್.
ಲಾಲೆಜಾರ್ ಬೀದಿಯ ಕೆಫೆ, ಮಂಡಿ ಕಾಣುವ ಲಂಗ,
ಹನ್ನೆರಡು ಪಿಟೀಲು, ಒಂದು ಗಿಟಾರು.
ದಕ್ಷಿಣದ ಉಚ್ಚಾರ ಒರೆಸಿಕೊಂಡು ಬಾ ಎಂದರಂತೆ.
ಒರೆಸಿಕೊಂಡಳು. ಆದರೆ 'ಉಪ್ಪು' ಅನ್ನುವಾಗ
ನಮ್ಮ ಓಣಿ ನಾಲಗೆಗೆ ಅಂಟಿಕೊಂಡೇ ಇರುತ್ತಿತ್ತು.
ರೇಡಿಯೋದಲ್ಲಿ ಕೇಳಿದ ಅಜ್ಜಿ
'ಬರಿಗಾಲ ಹಾಡಿಗೆ ಎತ್ತರದ ಹಿಮ್ಮಡಿ ಜೋಡು ತೊಡಿಸಿದಾಳೆ, ಮುಂಡೇದು'
ಎಂದು ಬೈದಳು.
ಮುಗಿಯುವ ತನಕ ಎದ್ದು ಮಾತ್ರ ಹೋಗಲಿಲ್ಲ.

ಆಮೇಲೆ ದೇಶವೇ ಮಗ್ಗುಲು ಬದಲಿಸಿತು.
ಹೆಂಗಸು ಒಬ್ಬಳೇ ಹಾಡುವ ಹಾಗಿಲ್ಲ.
ಹಾಡುವುದಿಲ್ಲ ಎಂಬ ಕಾಗದಕ್ಕೆ ರುಜು ಹಾಕಿಸಿಕೊಂಡರು.
ಆರು ವರ್ಷ ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆದಳು,
ಬಾಯಿ ತೆರೆದು ಕೂತವರನ್ನು ದಿನವಿಡೀ ನೋಡುತ್ತ.

ಅವಳು ಲಾಸ್ ಏಂಜಲೀಸ್ ಸೇರಿದಳೆಂದು
ನನಗೆ ಹೇಳಿದ್ದು ಹಾಲುಪುಡಿಯ ಡಬ್ಬ.
ದುಬೈಯಿಂದ ಲೆಂಜಿನಲ್ಲಿ ಬಂದದ್ದು.
ಪುಡಿಯೊಳಗೆ ಕೈಹಾಕಿದರೆ ಟೇಪು.
ಪಿಟೀಲಿನ ಜಾಗದಲ್ಲಿ ಕೀಬೋರ್ಡು. ಹಾಡು ಅದೇ.
ಬೆಳಗಿನ ಜಾವ ಕಿಟಕಿಗೆ ಕಂಬಳಿ ಹೊದಿಸಿ
ಎರಡು ಯಂತ್ರ ಎದುರುಬದುರು ಕೂರಿಸಿ,
ವೈರು ಹಾಳಾಗಿತ್ತು ನೋಡಿ,
ಒಂದರ ಬಾಯಿಗೆ ಇನ್ನೊಂದರ ಕಿವಿ ಹಿಡಿದೆ.
ಮೂರನೇ ನುಡಿ ಮುಗಿದು
ಅವಳು ಉಸಿರೆಳೆದುಕೊಳ್ಳುವ ಜಾಗ.
ಅಂಗಳದಿಂದ ಅಮ್ಮ:
'ಖೈರೂ, ಸೊಬೂರ್ ಮೀನು ಬಂದಿದೆ, ಕಾಸು ತಾರೋ!'

ಇನ್ನೊಮ್ಮೆ ಮಾಡಲು ಖಾಲಿ ಟೇಪಿಲ್ಲ,
ಮೂಲದ್ದು ಆ ಮಧ್ಯಾಹ್ನವೇ ಶಿರಾಜಿಗೆ ಹೊರಟಿತು.
ಉಳಿದದ್ದರಿಂದ ನೂರು. ನೂರರಿಂದ ಎಷ್ಟೋ.
ಗೆನಾವೆಯಲ್ಲಿ, ಬೊರಾಜ್‌ಜಾನಿನಲ್ಲಿ,
ಯುದ್ಧದ ಕಡೆಗೆ ಹೋಗುವ ಲಾರಿಗಳ ಮುಂದಿನ ಸೀಟಿನಲ್ಲಿ,
ಬಾಗಿಲು ಹಾಕಿಕೊಂಡ ಮದುವೆಗಳಲ್ಲಿ
ಅಮ್ಮ ಮೀನಿಗೆ ಕಾಸು ಕೇಳುತ್ತಲೇ ಹೋದಳು.
ಬಾಡಿಗೆಗೆ ಹೆದರಿ ಪಕ್ಕದೂರಿಗೂ ಹೋಗದಿದ್ದವಳು.

ಕಳೆದ ಶರತ್ಕಾಲ ದುಬೈಯಲ್ಲಿ ಅವಳ ಕಚೇರಿ.
ಮಗಳು ಟಿಕೆಟ್ಟು ಕೊಡಿಸಿದ್ದಳು.
ಖೊಜಸ್ತೆಗೆ ಮಂಡಿನೋವು, ಕುರ್ಚಿ ಹಾಕಿಸಿಕೊಂಡಿದ್ದಳು.
ಧ್ವನಿಯ ಮೇಲಂಚು ಉದುರಿತ್ತು,
ತಳ ಗಟ್ಟಿಯಾಗಿತ್ತು.
ಮೂರನೇ ನುಡಿಯಾಯಿತು. ಉಸಿರೆಳೆದುಕೊಂಡಳು.
ಇಡೀ ಸಭೆ ಎದ್ದು ಒಂದೇ ಕೊರಳಲ್ಲಿ
'ಖೈರೂ! ಸೊಬೂರ್ ಮೀನು ಬಂದಿದೆ!'

ನಿಲ್ಲಿಸಿದಳು. ವಾದ್ಯದವರತ್ತ ತಿರುಗಿ ನೋಡಿದಳು.
ಅವರೂ ಹುಟ್ಟಿದ್ದು ಅಲ್ಲೆಲ್ಲೋ, ಭುಜ ಕುಣಿಸಿದರು.
'ಯಾರು ಈ ಖೈರು?' ಮೈಕಿನಲ್ಲೇ ಕೇಳಿದಳು.
ಮಗಳು ನನ್ನನ್ನು ತಿವಿದಳು.
ಕೈ ತೊಡೆಯ ಮೇಲಿಂದ ಏಳಲಿಲ್ಲ.
ಅಮ್ಮ ಹೋಗಿ ಹನ್ನೊಂದು ವರ್ಷ,
ಅವಳ ಉಸಿರಿನ ಗುಟುರು ಸಮೇತ
ಎರಡು ಸಾವಿರ ಜನ ಅವಳಂತೆಯೇ ಕೂಗಿದರೆ
ಮಗ ಯಾವ ದಿಕ್ಕಿಗೆ ಓಗೊಡಬೇಕು?

ಅವಳು ನಕ್ಕಳು. ತೆಹ್ರಾನು ಒರೆಸಿದ್ದ ಉಚ್ಚಾರದಲ್ಲಿ
'ಕೊಡೋ ಮಾರಾಯ, ಮೀನು ಕೆಟ್ಟು ಹೋಗ್ತದೆ' ಎಂದು
ಕೀಬೋರ್ಡಿನವನಿಗೆ ಕೈಯಲ್ಲೇ ಸಾಕು ಅಂದು
ನಾಲ್ಕನೇ ನುಡಿಯನ್ನು ತಾಳವಿಲ್ಲದೆ ಎತ್ತಿಕೊಂಡಳು.

ಮರುದಿನ ದೇರಾ ಮಾರುಕಟ್ಟೆಗೆ ಹೋದೆ.
ಸೊಬೂರ್ ಕೇಳಿದೆ.
ಈಗ ಕಾಲವಲ್ಲ ಅಂದರು.
ಆದರೂ ಕಾಸು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದೆ.